ಮೂರನೆಯ ಚರಣ

ಶವಪೆಟ್ಟಿಗೆಯ ಕಾಲಿನ ಕಡೆ ಹೊಸ್ತಿಲು ದಾಟಿತ್ತು, ತಲೆಯ ಕಡೆ ಇನ್ನೂ ಒಳಗೇ ಇತ್ತು. ಹೊತ್ತವರು ಗಿಡ್ಡ ಬಾಗಿಲಿಗೆ ತಲೆ ತಗ್ಗಿಸಿ ನಿಂತಿದ್ದರು. ಚರ್ಚಿನ ಹಾಡುಗಾರ ಏಲಿಂಗ್ ಅಂಗಳದಲ್ಲಿ ಟೋಪಿ ಕಳಚಿ, ಸತ್ತವರನ್ನು ಮನೆಯಿಂದ ಕಳಿಸಿಕೊಡುವ ಕೀರ್ತನೆಯ ಮೊದಲ ಸಾಲಿಗೆ ಉಸಿರೆಳೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಸತ್ತವಳ ಮಗಳು ಬ್ರಿಥಾ ಒಳಗಿನಿಂದ ಬಂದು ಪೆಟ್ಟಿಗೆಯ ಮೇಲೆ ಕೈ ಇಟ್ಟಳು.

"ಪೂರ್ತಿ ಹಾಡಬೇಡಿ. ಮೂರನೇ ಚರಣ ಒಂದೇ ಸಾಕು."

ಏಲಿಂಗ್ ತೆರೆದ ಬಾಯಿ ಮುಚ್ಚಿದ. "ಅದೊಂದೇ ಹೇಗಮ್ಮ ಹಾಡೋದು? ಬಾಗಿಲು ಬಿಟ್ಟು ಕಿಟಕೀಲಿ ನುಗ್ಗಿದ ಹಾಗಾಗುತ್ತೆ."

"ಅಮ್ಮ ಅದೊಂದನ್ನೇ ಹಾಡ್ತಿದ್ದದ್ದು. ನಿಮಗೇ ಗೊತ್ತಲ್ಲ."

ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬೇಲಿಯ ಹತ್ತಿರ ನಿಂತ ಹೆಂಗಸರಲ್ಲಿ ಯಾರೋ ಕೆಮ್ಮಿ ನಗು ನುಂಗಿಕೊಂಡರು. ಮಿಕ್ಕವರ ಕಣ್ಣು ಅಂಗಳದ ನಡುವೆ ಹಾಕಿದ್ದ ಒಂಟಿ ಕುರ್ಚಿಯ ಕಡೆ ಹೋಯಿತು. ಆ ಮನೆಯಲ್ಲಿ ಬೆನ್ನು ಒರಗಲು ಬರುವಂಥದ್ದು ಅದೊಂದೇ ಕುರ್ಚಿ. ಅದರಲ್ಲಿ ಕಪ್ಪು ರೇಷ್ಮೆ ಉಟ್ಟು ಕೂತಿದ್ದವಳು ಅಬೆಲೋನೆ, ಸತ್ತವಳ ಅಕ್ಕ. ಆ ಕೀರ್ತನೆಯನ್ನು ಬರೆದವಳು, ಕೋಪನ್‌ಹೇಗನ್ನಿನಲ್ಲಿ ಅಚ್ಚಾದ ಪುಸ್ತಕದ ಮೇಲೆ ಹೆಸರಿದ್ದವಳು. ತಂಗಿಗೆ ಕಾಯಿಲೆಯೆಂಬ ಸುದ್ದಿ ತಿಳಿದು ತಾನಿದ್ದ ಬರ್ಗೆನ್ ಪಟ್ಟಣದಿಂದ ದೋಣಿ ಹತ್ತಿದ್ದಳು. ಬಂದು ಇಳಿಯುವಾಗ ತಂಗಿಯನ್ನು ಕಣಜದಲ್ಲಿ ಹುಲ್ಲಿನ ಮೇಲೆ ಮಲಗಿಸಿ, ಮುಖದ ಮೇಲೆ ಬಟ್ಟೆ ಹೊದಿಸಿ ಆಗಿತ್ತು.

"ಬೇಗ ತೀರ್ಮಾನ ಮಾಡಿ," ಎಂದ ಹೊತ್ತವರಲ್ಲೊಬ್ಬ. "ಎಲ್ಸೆಬೆ ಏನೂ ಹಗುರ ಇಲ್ಲ."

ಗಂಡ ಮೋನ್ಸ್ ಮಗಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದ. ಅವನು ಮಾತು ಕಡಿಮೆಯ ರೈತ. ಚಳಿಗಾಲದಲ್ಲಿ ಎಲ್ಲರ ಜೊತೆ ಹೆರಿಂಗ್ ಮೀನಿಗೆ ಹೋಗುವವನು. "ಪೂರ್ತಿ ಹಾಡು ಏಲಿಂಗ್," ಎಂದ. "ಮೂರನೇದು ನಡುವೆ ಬಂದೇ ಬರುತ್ತಲ್ಲ."

ಏಲಿಂಗ್ ಹಾಡಿದ. ಮೊದಲ ಎರಡು ಚರಣಗಳಿಗೆ ಜನ ಗುನುಗುನು ಎಂದರು. ಸಾಲು ಮರೆತ ಕಡೆ ರಾಗ ಮಾತ್ರ ಎಳೆದರು. ಮೂರನೆಯದು ಬಂದಾಗ ಎಲ್ಲರ ಗಂಟಲೂ ಒಟ್ಟಿಗೆ ತೆರೆದುಕೊಂಡಿತು. ಬೇಲಿಯ ಹತ್ತಿರದ ಹೆಂಗಸರು, ಹೊತ್ತ ಗಂಡಸರು, ಹಲ್ಲಿಲ್ಲದ ಮುದುಕರು, ಎಲ್ಲರೂ ಹಾಡಿದರು.

ಒದ್ದೆ ಬಟ್ಟೆಯ ಬಿಡಿಸು ದೇವರೆ
ನಿನ್ನ ಒಲೆಬಳಿ ಒಣಗಲಿಡು
ಮನೆಗೆ ಬಾರದ ನಮ್ಮ ಹುಡುಗಗೆ
ನಿನ್ನ ಮನೆಯಲಿ ಜಾಗ ಕೊಡು

ಹೆಂಗಸಿನ ಸಾವಿಗೆ ಹುಡುಗ ಎಂದು ಹಾಡುವುದು ಸರಿಯೇ ಎಂದು ಯಾರೂ ಯೋಚಿಸಲಿಲ್ಲ. ನೀರಿಗೆ ಗಂಡುಮಕ್ಕಳನ್ನು ಕೊಡದ ಮನೆ ಆ ಕೊಲ್ಲಿಯಲ್ಲಿ ಇರಲಿಲ್ಲ. ಯಾರ ಸಾವಿಗೆ ಹಾಡಿದರೂ ಅವರವರ ಹುಡುಗ ಅವರವರಿಗೆ ನೆನಪಾಗುತ್ತಿದ್ದ. ನಾಲ್ಕನೆಯ ಚರಣಕ್ಕೆ ಮತ್ತೆ ಗುನುಗು ಶುರುವಾಯಿತು.

ಕುರ್ಚಿಯಲ್ಲಿ ಕೂತ ಅಬೆಲೋನೆ ಅದನ್ನು ಗಮನಿಸಿದಳು. ಬರ್ಗೆನ್ನಿನಲ್ಲೂ ಹೀಗೇ ಆಗುತ್ತಿತ್ತು. ಅವಳು ಎಲ್ಲಿ ಹೋದರೂ ಹೀಗೇ ಆಗುತ್ತಿತ್ತು.

*

ಅವರಿಬ್ಬರೂ ಅದೇ ಕೊಲ್ಲಿಯ ಪಾದ್ರಿಯ ಮಕ್ಕಳು. ತಾಯಿಗೆ ಗಂಡುಮಗ ಒಬ್ಬನೇ, ಪೋವೆಲ್. ಪಾದ್ರಿಯ ಮಗ ಮೀನಿಗೆ ಹೋಗುವ ಅಗತ್ಯವೇನೂ ಇರಲಿಲ್ಲ. ಗೆಳೆಯರ ಜೊತೆ ಒಂದು ಸಲ ಹೋಗಿ ನೋಡುತ್ತೇನೆಂದು ಹಟ ಮಾಡಿ ಹೊರಟ. ದೋಣಿ ಮಗುಚಿ ಸಿಕ್ಕಿತು, ಹುಡುಗರು ಸಿಗಲಿಲ್ಲ. ತಾಯಿ ಆ ಚಳಿಗಾಲವೆಲ್ಲ ಅವನ ಉಣ್ಣೆಯ ಅಂಗಿಯೊಂದನ್ನು ಒಲೆಯ ಪಕ್ಕದ ಗೂಟಕ್ಕೆ ತೂಗುಹಾಕಿ, ಬೆಚ್ಚಗಿದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಅಬೆಲೋನೆಗೆ ಆಗ ಇಪ್ಪತ್ತು. ತಂದೆ ಅವಳಿಗೆ ಲ್ಯಾಟಿನ್ ಹೇಳಿಕೊಟ್ಟಿದ್ದ, ಛಂದಸ್ಸು ಹೇಳಿಕೊಟ್ಟಿದ್ದ. ಊಟಕ್ಕೆ ಬಂದ ಅತಿಥಿಗಳ ಮುಂದೆ ಅವಳ ಪದ್ಯ ಓದಿಸುತ್ತಿದ್ದ. ಅವಳಿಗಿಂತ ಐದು ವರ್ಷಕ್ಕೆ ಚಿಕ್ಕವಳಾದ ಎಲ್ಸೆಬೆ ಆಗ ತಟ್ಟೆ ಎತ್ತುತ್ತಿದ್ದಳು. ಅವಳಿಗೂ ಓದುಬರಹ ಬರುತ್ತಿತ್ತು. ಆದರೆ ಅವಳ ಪಾಳಿ ಬರುವ ಹೊತ್ತಿಗೆ ತಂದೆಗೆ ಕಲಿಸುವ ಉಮೇದು ಮುಗಿದಿತ್ತು.

ಪೋವೆಲನಿಗಾಗಿ ಅಬೆಲೋನೆ ಕೀರ್ತನೆ ಬರೆಯತೊಡಗಿದಳು. ಎರಡು ಚರಣ ಆದವು. ಒಂದರಲ್ಲಿ ಬೈಬಲಿನ ಸ್ವರ್ಗದ ಗಾಜಿನ ಸಮುದ್ರ, ಒಂದರಲ್ಲಿ ಬಂಗಾರದ ಸಿಂಹಾಸನ. ಮೂರನೆಯದಕ್ಕೆ ಕಾಲು ಕಿತ್ತಿಡಲಾಗಲಿಲ್ಲ. ಅಕ್ಕತಂಗಿಯರು ಉಗ್ರಾಣದಲ್ಲಿ ಪೀಪಾಯಿಯ ಎರಡು ಬದಿಗೆ ನಿಂತು ಮೀನಿಗೆ ಉಪ್ಪು ಹಾಕುತ್ತಿದ್ದರು. ಅಬೆಲೋನೆ ಎರಡು ಚರಣವನ್ನೂ ಹಾಡಿ ನಿಲ್ಲಿಸಿದಳು. ನಿಲ್ಲಿಸಿದ ಜಾಗದಿಂದ ಎಲ್ಸೆಬೆ ಹಾಡಿದಳು. ಯೋಚಿಸಲಿಲ್ಲ, ತಲೆ ಎತ್ತಲೂ ಇಲ್ಲ. ಹಾಡುತ್ತ ಹಾಡುತ್ತ ಒಂದೊಂದೇ ಮೀನನ್ನು ಬೆನ್ನು ಮೇಲಾಗಿ ಜೋಡಿಸಿದಳು.

ಅಬೆಲೋನೆ ಕೈಯ ಉಪ್ಪನ್ನು ಪೀಪಾಯಿಯ ಅಂಚಿಗೆ ಕೊಡವಿದಳು. ಆಮೇಲೆ, ಬಟ್ಟೆ ಒಣಗಿಸುವ ಮಾತೆಲ್ಲ ದೇವರಿಗೆ ಹೇಳುವಂಥದ್ದೇ ಎಂದು ಕೇಳಿದಳು.

"ಬೇಡವಾದರೆ ಬಿಡು."

"ಇಲ್ಲ, ಇರಲಿ. ಹಾಕ್ಕೋತೀನಿ."

"ಹಾಕ್ಕೋ," ಎಂದಳು ಎಲ್ಸೆಬೆ. ಅಂದು ಅವಳಿಗೆ ಅದು ಹೆಮ್ಮೆಯ ವಿಷಯವೇ ಆಗಿತ್ತು. ಅಕ್ಕ ತನ್ನಿಂದ ಏನನ್ನಾದರೂ ತೆಗೆದುಕೊಂಡದ್ದು ಅದೇ ಮೊದಲು.

*

ಹೆಣ ದೋಣಿಯಲ್ಲಿ ಕೊಲ್ಲಿ ದಾಟಿ ಚರ್ಚಿಗೆ ಹೋಗಬೇಕಿತ್ತು. ಬೆಟ್ಟದ ನೆತ್ತಿಯಲ್ಲಿ ಹಿಮ ಇನ್ನೂ ಇತ್ತು. ಕೆಳಗೆ ಬರ್ಚ್ ಮರಗಳು ಚಿಗುರಿದ್ದವು. ಮುಂದಿನ ದೋಣಿಯಲ್ಲಿ ಪೆಟ್ಟಿಗೆ, ಅದರ ಹಿಂದೆ ಮನೆಯವರು, ಅದರ ಹಿಂದೆ ನೆರೆಹೊರೆಯವರು. ಅಬೆಲೋನೆಯನ್ನು ಮನೆಯವರ ದೋಣಿಯಲ್ಲಿ ಬ್ರಿಥಾಳ ಎದುರಿಗೆ ಕೂರಿಸಿದ್ದರು. ಬ್ರಿಥಾ ಹುಟ್ಟು ಹಾಕುತ್ತಿದ್ದಳು. ದೊಡ್ಡಮ್ಮನ ಮುಖ ನೋಡಬಾರದೆಂದು ಅವಳ ಹಿಂದಿನ ನೀರನ್ನು ನೋಡುತ್ತಿದ್ದಳು.

ಹಿಂದಿನ ದೋಣಿಯಿಂದ ಮಾತು ನೀರಿನ ಮೇಲೆ ಜಾರಿ ಬರುತ್ತಿತ್ತು. ಪಕ್ಕದ ಹೊಲದ ಸಿನ್ನೇವಳ ದನಿ ಅದು. ಎಲ್ಸೆಬೆಯ ಜೊತೆ ಬೇಲಿಯ ಆಚೆ ಈಚೆ ನಿಂತು ಬಹಳ ವರ್ಷ ಜಗಳವಾಡಿದ್ದಳು.

"ನನ್ನ ಬೆಣ್ಣೇನ ಒಂದು ದಿನ ಚೆನ್ನಾಗಿದೆ ಅನ್ನಲಿಲ್ಲ ಕಣೆ. ಬಾಯಲ್ಲಿಟ್ಟು, 'ಉಪ್ಪು ಸರಿಯಾಗಿದೆ' ಅಂತಿದ್ದಳು. ಬರೀ ಉಪ್ಪು!"

"ನನ್ನ ಮಗಳ ಮದುವೇಲಿ ರೊಟ್ಟೀನ ಬೆಳಕಿಗೆ ಹಿಡಿದು ನೋಡಿದಳು," ಎಂದಳು ಇನ್ನೊಬ್ಬಳು. "ತನ್ನದಕ್ಕಿಂತ ತೆಳ್ಳಗಿತ್ತು. ಆಮೇಲೆ ಊಟಾನೇ ಸರಿಯಾಗಿ ಮಾಡಲಿಲ್ಲ."

ಸುಳ್ಳಲ್ಲ. ಎಲ್ಸೆಬೆಗೆ ಊರಿನವರ ಏಳಿಗೆ ಕಂಡರೆ ಮೈಮೇಲೆ ತುರಿಕೆ ಸೊಪ್ಪು ಬಿದ್ದ ಹಾಗಾಗುತ್ತಿತ್ತು. ಯಾರ ಹಸು ಅವಳಿ ಕರು ಹಾಕಿದರೂ, ಯಾರ ಸೊಸೆ ಒಳ್ಳೆಯ ನೂಲು ತೆಗೆದರೂ ಅವಳ ಮುಖ ಸಣ್ಣಗಾಗುತ್ತಿತ್ತು. ಆದರೆ ಅದೇ ಸಿನ್ನೇವಳ ಗಂಡ ನೀರುಪಾಲಾದ ವರ್ಷ, ಮಳೆ ಹಿಡಿಯುವ ಮೊದಲು ಅವರ ಹುಲ್ಲನ್ನೆಲ್ಲ ಕೊಯ್ದು ಒಣಗಲು ಹಾಕಿದವಳೂ ಅವಳೇ. ಹಾಕಿ, ತನ್ನದಕ್ಕಿಂತ ಇವರ ಹುಲ್ಲೇ ಚೆನ್ನಾಗಿ ಬಂದಿದೆಯೆಂದು ಗೊಣಗಿಕೊಂಡು ಹೋಗಿದ್ದಳು.

"ಮೂರನೇ ಚರಣದ ಎಲ್ಸೆಬೆ," ಎಂದಳು ಸಿನ್ನೇವ. ಆ ಹೆಸರಿಟ್ಟದ್ದು ಅವಳೇ. ಈ ಸಲ ಯಾರೂ ನಗಲಿಲ್ಲ.

ಬ್ರಿಥಾ ಹುಟ್ಟನ್ನು ನೀರಿಗೆ ಬಲವಾಗಿ ಬಡಿದಳು. ಹನಿ ಹಾರಿ ರೇಷ್ಮೆಯ ಮೇಲೆ ಬಿತ್ತು. ಅಬೆಲೋನೆ ಒರೆಸಿಕೊಳ್ಳಲಿಲ್ಲ.

*

ತಂದೆ ಸತ್ತ ಮೇಲೆ ಪಾದ್ರಿಯ ಮನೆ ಹೊಸ ಪಾದ್ರಿಗೆ ಹೋಯಿತು. ಅಷ್ಟರಲ್ಲಿ ಅಬೆಲೋನೆ ಬರ್ಗೆನ್ನಿನ ಶಾಲೆಯ ಮುಖ್ಯ ಗುರುವನ್ನು ಮದುವೆಯಾಗಿ ಹೋಗಿದ್ದಳು. ಎಲ್ಸೆಬೆಯನ್ನು ಕೇಳಿಕೊಂಡು ಬಂದವನು ಮೋನ್ಸ್ ಒಬ್ಬನೇ. ಪಾದ್ರಿಯ ಮಗಳು ರೈತನ ಮನೆ ಸೇರಿದಳೆಂದು ಊರು ಆಡಿಕೊಂಡಿತು. ಅವಳು ಕೊಟ್ಟಿಗೆ ಗುಡಿಸಲು ಕಲಿತಳು, ಬಿಯರ್ ಕಾಸಲು ಕಲಿತಳು, ನಾಲ್ಕು ಹೆತ್ತು ಮೂವರನ್ನು ಮಣ್ಣು ಮಾಡಿದಳು.

ಬ್ರಿಥಾ ತೊಟ್ಟಿಲಲ್ಲಿದ್ದ ವರ್ಷ ಅಕ್ಕನ ಪುಸ್ತಕ ಅಚ್ಚಾಗಿ ಊರಿಗೆ ಬಂತು. ಪಾದ್ರಿಯ ಹೆಂಡತಿ ಅದನ್ನು ಎಲ್ಸೆಬೆಗೆ ಓದಲು ಕೊಟ್ಟಳು. ಎಲ್ಸೆಬೆ ಕೈ ತೊಳೆದುಕೊಂಡು ಬಂದು ಕೂತಳು. ಮೊದಲ ಪುಟದಲ್ಲಿ ದೇವರಿಗೆ ಕೃತಜ್ಞತೆ, ಬಿಷಪ್ಪರಿಗೆ, ಗಂಡನಿಗೆ, ತೀರಿಕೊಂಡ ತಂದೆಗೆ. ಅವಳು ಹಾಳೆ ತಿರುವಿ ಹಿಂದೆ ನೋಡಿದಳು, ಮತ್ತೆ ಮುಂದೆ ನೋಡಿದಳು. ತಂಗಿ ಎಂಬ ಮಾತು ಎಲ್ಲೂ ಇರಲಿಲ್ಲ. ಪೋವೆಲನ ಕೀರ್ತನೆ ಇತ್ತು. ಅದರ ಮೂರನೆಯ ಚರಣ ಒಂದಕ್ಷರವೂ ಬದಲಾಗದೆ ಇತ್ತು.

ಆ ಭಾನುವಾರದಿಂದ ಚರ್ಚಿನಲ್ಲಿ ಅವಳ ಪದ್ಧತಿ ಶುರುವಾಯಿತು. ಆ ಕೀರ್ತನೆಯ ಬೇರೆ ಚರಣಗಳಿಗೆ ಅವಳು ನಾವಿಕರು ಹರಕೆಗೆಂದು ಮಾಡಿನಿಂದ ತೂಗುಬಿಟ್ಟ ಪುಟ್ಟ ಮರದ ಹಡಗನ್ನು ನೋಡುತ್ತ ನಿಲ್ಲುತ್ತಿದ್ದಳು. ಮೂರನೆಯದು ಬಂದಾಗ ಎಲ್ಲರ ದನಿಯನ್ನೂ ಮೀರಿಸಿ ಹಾಡುತ್ತಿದ್ದಳು. ಮೊದಮೊದಲು ಇದು ತನ್ನದೆಂದು ಕೇಳಿದವರಿಗೆಲ್ಲ ಹೇಳಿದಳು. ಹಾಗಾದರೆ ಇನ್ನೊಂದು ಬರೆದು ತೋರಿಸು ಎಂದರು. ಬರೆಯಲು ಕೂತಳು. ಹಲವು ಚಳಿಗಾಲ ಕೂತಳು. ಬರೆದದ್ದನ್ನೆಲ್ಲ ಒಲೆಗೆ ಹಾಕಿದಳು, ಏಕೆಂದರೆ ಒಳ್ಳೆಯದು ಯಾವುದು ಎಂದು ಗುರುತಿಸುವಷ್ಟು ಅವಳಿಗೆ ಗೊತ್ತಿತ್ತು. ಅವಳಲ್ಲಿ ಇದ್ದದ್ದು ಆ ಒಂದೇ ಚರಣ.

ಅಬೆಲೋನೆ ಒಂದೇ ಒಂದು ಸಲ ನೋಡಲು ಬಂದಿದ್ದಳು. ಹುಳಿಕೆನೆಯ ಗಂಜಿ ಬಡಿಸಿ, ಎದುರಿಗೆ ಕೂತು, ಎಲ್ಸೆಬೆ ಕೇಳಿದಳು.

"ಒಂದು ಸಲ ಹೇಳಿಬಿಡು ಅಕ್ಕ. ಚರ್ಚಿನ ಮುಂದೆ ನಿಂತು, ಇವರ ಎದುರಿಗೆ. ಪುಸ್ತಕದಲ್ಲಿ ಹಾಕೋದೇನೂ ಬೇಡ."

"ಒಂದು ಚರಣಕ್ಕೆ ಇಷ್ಟು ವರ್ಷ ಕೊರಗ್ತೀಯಾ?"

"ನಿನಗೆ ನೂರಿದೆ. ನನಗಿರೋದು ಅದೊಂದೇ."

ಅಬೆಲೋನೆ ಗಂಜಿ ಬಿಟ್ಟು ಎದ್ದಳು. ಮಾರನೆಯ ಬೆಳಿಗ್ಗೆ ದೋಣಿ ಹತ್ತಿದಳು.

ಅವಳು ಎದ್ದದ್ದು ಸೊಕ್ಕಿನಿಂದ ಎಂದು ಎಲ್ಸೆಬೆ ತಿಳಿದಳು. ಆದರೆ ಬರ್ಗೆನ್ನಿನಲ್ಲಿ ಅಬೆಲೋನೆ ಪಡುತ್ತಿದ್ದ ಪಾಡು ಬೇರೆ. ದಾರಿಯಲ್ಲಿ ನಿಲ್ಲಿಸಿ ಕೈ ಹಿಡಿದುಕೊಳ್ಳುವ ನಾವಿಕರ ವಿಧವೆಯರು ಹೇಳುತ್ತಿದ್ದದ್ದು ಒದ್ದೆ ಬಟ್ಟೆಯ ಸಾಲನ್ನು. ಅವಳ ಗಂಡನ ಶವದ ಮುಂದೆ ಬಿಷಪ್ಪರು ಕಣ್ಣೊರೆಸಿಕೊಂಡು ಹೇಳಿದ್ದೂ ಅದನ್ನೇ. ಅವಳು ಆಮೇಲೆ ಎರಡು ಪುಸ್ತಕ ಬರೆದಳು, ಉಪವಾಸ ಮಾಡಿ ಬರೆದಳು, ಅಳುತ್ತ ಬರೆದಳು. ಓದಿದವರು ಚೆನ್ನಾಗಿದೆ ಎನ್ನುತ್ತಿದ್ದರು. ಎಂದು, ಮರುಕ್ಷಣವೇ ಮೂರನೆಯ ಚರಣದ ಮಾತು ತೆಗೆಯುತ್ತಿದ್ದರು. ಮೊದಲ ಪುಸ್ತಕ ಎರಡನೆಯ ಸಲ ಅಚ್ಚಾಗುವಾಗ ಅವಳು ಆ ಚರಣವನ್ನೇ ಕಿತ್ತು, ಅಲ್ಲಿಗೆ ಹೊಸದೊಂದನ್ನು ಹಾಕಿದಳು. ದೇವದೂತರ ಸಾಲು, ಪ್ರಾಸ ಒಂದೂ ತಪ್ಪಿರಲಿಲ್ಲ. ಕೊಂಡವರು ಪುಸ್ತಕ ಹಿಂದಕ್ಕೆ ತಂದರು. ಅಚ್ಚಿನವನು ಅವಳನ್ನು ಕೇಳದೆಯೇ ಹಳೆಯದನ್ನು ಮತ್ತೆ ಸೇರಿಸಿದ.

*

ಚರ್ಚಿನಲ್ಲಿ ಎಲ್ಲವೂ ನಡೆಯಬೇಕಾದ ಹಾಗೆ ನಡೆಯಿತು. ದಾರಿಗೆ ಜೂನಿಪರ್ ಸೊಪ್ಪು ಚೆಲ್ಲಿದ್ದರು. ಗಂಟೆ ಬಾರಿಸಿದರು. ಪಾದ್ರಿ ಲೌರಿಟ್ಸ್ ಸಲಿಕೆಯಿಂದ ಪೆಟ್ಟಿಗೆಯ ಮೇಲೆ ಮಣ್ಣು ಹಾಕಿದ. ಅವನು ಆ ಊರಿಗೆ ಹೊಸಬ, ಎಳೆಯ ವಯಸ್ಸಿನವ. ಕೋಪನ್‌ಹೇಗನ್ನಿನಲ್ಲಿ ಓದುತ್ತಿದ್ದಾಗಲೇ ಅಬೆಲೋನೆಯ ಕೀರ್ತನೆಗಳನ್ನು ಬಾಯಿಪಾಠ ಮಾಡಿದ್ದ. ಸತ್ತವಳ ಬಗ್ಗೆ ಆಡಿದ ಮಾತುಗಳಲ್ಲಿ ಅವನು ನಾಲ್ಕು ಸಲ 'ನಮ್ಮ ಕವಯಿತ್ರಿಯ ಸೋದರಿ' ಎಂದ. ಎಲ್ಸೆಬೆ ಎಂದದ್ದು ಒಂದು ಸಲ. ಮೋನ್ಸ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನೆಲ ನೋಡುತ್ತಿದ್ದ.

ಮನೆಗೆ ಮರಳಿ, ಉದ್ದನೆಯ ಮೇಜಿಗೆ ಎಲ್ಲರೂ ಕೂತರು. ನೆರೆಯ ಹೆಂಗಸರು ಹೊತ್ತು ತಂದ ಬೆಣ್ಣೆ, ಗಂಜಿ, ಒಣಮಾಂಸ, ತೆಳುರೊಟ್ಟಿ ಮೇಜಿನ ತುಂಬ ಇದ್ದವು. ಬಿಯರಿನ ಮರದ ಬೋಗುಣಿ ಕೈಯಿಂದ ಕೈಗೆ ಹೋಯಿತು. ಎರಡನೆಯ ಸುತ್ತಿಗೆ ಮಾತು ಸಡಿಲವಾಯಿತು. ಮೂರನೆಯ ಸುತ್ತಿಗೆ ಎಲ್ಸೆಬೆಯ ಹಳೆಯ ಜಗಳಗಳನ್ನು ನೆನೆದು ಜನ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮೋನ್ಸನೂ ಒಮ್ಮೆ ನಕ್ಕ.

ಆಗ ಪಾದ್ರಿ ಅಬೆಲೋನೆಯ ಕಡೆ ಬಾಗಿದ. ಮಾತು ಮೆಲ್ಲಗೆ ಆಡಬೇಕೆಂದಿದ್ದರೂ ಅವನದು ಪೀಠದ ಮೇಲೆ ನಿಂತು ರೂಢಿಯಾದ ದನಿ.

"ಅಮ್ಮನವರೇ, ಬಹಳ ದಿನದಿಂದ ಕೇಳಬೇಕು ಅಂತಿದ್ದೆ. ಪೋವೆಲರ ಕೀರ್ತನೆ, ಅದರ ಮೂರನೇ ಚರಣ ಇದೆಯಲ್ಲ, ಅದು ನಿಮಗೆ ಹೇಗೆ ಹೊಳೀತು? ಒಂಬತ್ತರಲ್ಲಿ ಅದೊಂದು ಬೇರೇನೇ. ಮಿಕ್ಕದ್ದನ್ನೆಲ್ಲ ಯಾರು ಬೇಕಾದರೂ ಬರೀಬಹುದಿತ್ತು, ಅದನ್ನ ನೀವೊಬ್ಬರೇ…"

ಅವನಿಗೆ ಹೊಗಳುವ ಉದ್ದೇಶವೇ ಇತ್ತು. ಅಬೆಲೋನೆ ಹಿಡಿದಿದ್ದ ರೊಟ್ಟಿ ಮುರಿದು ಬಿತ್ತು. ಮೇಜಿನ ಸುತ್ತ ಎಲ್ಲರೂ ಅವಳ ಕಡೆ ತಿರುಗಿದ್ದರು. ಬ್ರಿಥಾ ಬೋಗುಣಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅದು ನನ್ನದಲ್ಲ," ಎಂದಳು ಅಬೆಲೋನೆ.

ಪಾದ್ರಿಗೆ ಅರ್ಥವಾಗಲಿಲ್ಲ.

"ಆ ಚರಣ ನನ್ನದಲ್ಲ. ಎಲ್ಸೆಬೆ ಕಟ್ಟಿದ್ದು. ಮಿಕ್ಕ ಎಂಟು ನನ್ನವು. ಆ ಎಂಟನ್ನ ಯಾರೂ ಬರೀಲಾರರು. ಮೂರನೇದನ್ನ ಒಬ್ಬ ಹುಡುಗಿ ಮೀನಿಗೆ ಉಪ್ಪು ಹಾಕ್ತಾ ಹೇಳಿಬಿಟ್ಟಳು."

ತಂಗಿಯ ಮೇಲಿನ ಕರುಣೆಯಿಂದ ಬಂದ ಮಾತಲ್ಲ ಅದು. ಮೂವತ್ತು ವರ್ಷ ಕೇಳಿಸಿಕೊಂಡ ಹೊಗಳಿಕೆಯನ್ನು ಇನ್ನೊಂದು ದಿನ ಕೇಳಿಸಿಕೊಳ್ಳಲಾರೆನೆಂಬ ಸಿಟ್ಟಿನಿಂದ ಬಂದದ್ದು. ಅವಳ ಕೆನ್ನೆ ಕೆಂಪಗಾಗಿತ್ತು, ದನಿ ನಡುಗುತ್ತಿತ್ತು. ಆದರೆ ನಡುಗುವ ದನಿಯನ್ನು ಜನ ಕೇಳಿಸಿಕೊಂಡದ್ದು ಬೇರೆ ರೀತಿ. ಮೊದಲು ಅತ್ತವಳು ಸಿನ್ನೇವ.

"ಕೇಳಿದ್ರಾ," ಎಂದಳು, ಅಂಗಿಯ ಅಂಚಿನಿಂದ ಮೂಗೊರೆಸಿಕೊಳ್ಳುತ್ತ. "ತನ್ನ ಎಲ್ಲಕ್ಕಿಂತ ಒಳ್ಳೇದನ್ನ ತಂಗಿಯ ಜೊತೆ ಮಣ್ಣಿಗೆ ಕಳಿಸ್ತಿದ್ದಾರೆ. ಇಂಥ ಅಕ್ಕನ ಮೇಲೆ ಅಷ್ಟು ವರ್ಷ ಹೊಟ್ಟೆ ಉರಿಸಿಕೊಂಡಳಲ್ಲ ಪಾಪ."

ಪಾದ್ರಿ ಲೌರಿಟ್ಸನ ಕಣ್ಣೂ ತುಂಬಿತ್ತು. ಅವನು ಅಬೆಲೋನೆಯ ಕೈ ಹಿಡಿದುಕೊಂಡ. ಸತ್ತವಳ ಹಟ ತನಗೂ ಗೊತ್ತು, ಅದನ್ನು ಹೀಗೆ ಸಮಾಧಾನ ಮಾಡುವ ದೊಡ್ಡ ಮನಸ್ಸನ್ನು ತಾನು ಎಲ್ಲೂ ಕಂಡಿಲ್ಲ ಎಂದ. ಬರುವ ಭಾನುವಾರ ಇದನ್ನೇ ಉಪದೇಶಕ್ಕೆ ತೆಗೆದುಕೊಳ್ಳುವುದಾಗಿಯೂ ಹೇಳಿದ.

"ದೊಡ್ಡ ಮನಸ್ಸಲ್ಲ," ಎಂದಳು ಅಬೆಲೋನೆ. "ನಿಜ ಹೇಳ್ತಿದ್ದೀನಿ. ನಮ್ಮಮ್ಮ ಪೋವೆಲನ ಅಂಗಿ ಒಲೆ ಹತ್ತಿರ ಹಾಕಿದ್ದಳು. ಅದನ್ನ ನೋಡಿ ಅವಳು ಕಟ್ಟಿದಳು. ನಾನೂ ದಿನಾ ನೋಡ್ತಿದ್ದೆ, ನನಗೆ ಹೊಳೀಲಿಲ್ಲ."

ಅಂಗಿಯ ಮಾತು ಕೇಳಿದ್ದೇ ತಡ, ಮೇಜಿನ ಆ ತುದಿಯಿಂದ ಈ ತುದಿಯವರೆಗೆ ಹೆಂಗಸರೆಲ್ಲ ಅತ್ತರು. ಎಂಥ ವಿವರ, ಎಂಥ ಪ್ರೀತಿ ಎಂದರು. ಏಲಿಂಗ್ ಎದ್ದು ನಿಂತು, ಯಾರೂ ಕೇಳದಿದ್ದರೂ ಆ ಚರಣ ಎತ್ತಿಕೊಂಡ. ಎಲ್ಲರೂ ದನಿಗೂಡಿಸಿದರು. ಹಾಡುವಾಗ ಅವರು ನೋಡುತ್ತಿದ್ದದ್ದು ಅಬೆಲೋನೆಯನ್ನು.

ಹಾಡು ಮುಗಿದಾಗ ಮೋನ್ಸ್ ಅವಳ ಪಕ್ಕಕ್ಕೆ ಬಂದು ಬೋಗುಣಿಗೆ ಬಿಯರ್ ಸುರಿದ. "ಕುಡೀರಿ ಅತ್ತಿಗೆ," ಎಂದ ಮೆಲ್ಲಗೆ. "ನಂಬಿಸೋಕೆ ಹೋಗಬೇಡಿ. ಅವಳೂ ಮೂವತ್ತು ವರ್ಷ ಮಾಡಿದ್ದು ಅದನ್ನೇ."

"ನೀನು ನಂಬಿದ್ದೆಯಾ?"

ಮೋನ್ಸ್ ಯೋಚಿಸಿದ. "ನಂಬಿದೆ ಅಂತ ಅವಳಿಗೆ ಹೇಳ್ತಿದ್ದೆ," ಎಂದ. ಬೋಗುಣಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋದ. ಅಷ್ಟು ಹೊತ್ತೂ ಅಳದವನು ಕಟ್ಟಿಗೆ ರಾಶಿಯ ಹಿಂದೆ ನಿಂತು ಅತ್ತದ್ದನ್ನು ಕಿಟಕಿಯ ಪಕ್ಕದವರು ನೋಡಿದರು.

*

ಸಂಜೆಯ ಹೊತ್ತಿಗೆ ದೋಣಿಗಳು ಒಂದೊಂದಾಗಿ ಬಿಟ್ಟುಹೋದವು. ಹೋಗುವವರೆಲ್ಲ ಅಬೆಲೋನೆಯ ಕೈ ಹಿಡಿದು ಹೋದರು. ಇಬ್ಬರು ಹೆಂಗಸರು ಮುತ್ತಿಟ್ಟರು. ಪಾದ್ರಿ ಹೋದ ಮೇಲೆ ಅವಳು ಖಾಲಿ ಮೇಜಿನ ಮುಂದೆ ಒಬ್ಬಳೇ ಉಳಿದಳು. ಬ್ರಿಥಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು, ಬೇಕಂತಲೇ ಸದ್ದು ಮಾಡುತ್ತಿದ್ದಳು.

"ಅವಳಿದ್ದಾಗ ಹೇಳಬೇಕಿತ್ತು ದೊಡ್ಡಮ್ಮ," ಎಂದಳು ಕೊನೆಗೆ.

"ಅವಳಿದ್ದಾಗ ಹೇಳಿದ್ದರೆ ನಂಬ್ತಿದ್ದರು."

ಬ್ರಿಥಾ ತಟ್ಟೆ ಇಳಿಸಿ ತಿರುಗಿ ನೋಡಿದಳು.

"ಅದಕ್ಕೇ ಹೇಳಲಿಲ್ಲ," ಎಂದಳು ಅಬೆಲೋನೆ. "ಇವರೆಲ್ಲ ನಂಬಿಬಿಟ್ಟರೆ ನನಗೆ ಏನು ಉಳಿಯುತ್ತೆ? ಗಾಜಿನ ಸಮುದ್ರ ಉಳಿಯುತ್ತೆ. ಅದನ್ನ ಇವತ್ತು ಗುನುಗಿದರಲ್ಲ, ನೀನೇ ಕೇಳಿದೆ."

ಬ್ರಿಥಾ ಏನು ಹೇಳುತ್ತಿದ್ದಳೋ. ಕೊಟ್ಟಿಗೆಯಿಂದ ಹಸು ಉದ್ದಕ್ಕೆ ಕೂಗಿತು. ಅಂತ್ಯಕ್ರಿಯೆಯ ಗದ್ದಲದಲ್ಲಿ ಅದರ ಹಾಲು ಕರೆಯುವುದನ್ನೇ ಎಲ್ಲರೂ ಮರೆತಿದ್ದರು. ಬ್ರಿಥಾ ಬೇಗಬೇಗ ಕೈ ತೊಳೆದು, ಗೂಟದಿಂದ ಮರದ ಪಾತ್ರೆ ತೆಗೆದುಕೊಂಡು ಹೊರಟಳು. ಸ್ವಲ್ಪ ಹೊತ್ತಾದ ಮೇಲೆ ಅಬೆಲೋನೆಯೂ ರೇಷ್ಮೆಯ ಅಂಚನ್ನು ಎತ್ತಿ ಹಿಡಿದು ಅಂಗಳ ದಾಟಿದಳು.

ಹಸುವಿನ ಕೆಚ್ಚಲು ಬಿಗಿದಿತ್ತು. ಅದಕ್ಕೆ ಬ್ರಿಥಾಳ ಕೈ ಇನ್ನೂ ರೂಢಿಯಾಗಿರಲಿಲ್ಲ. ಅತ್ತ ಇತ್ತ ಕಾಲು ಬದಲಿಸುತ್ತಿತ್ತು, ಬಾಲ ಬೀಸಿ ಬೀಸಿ ಅವಳ ಕೆನ್ನೆಗೆ ಹೊಡೆಯುತ್ತಿತ್ತು. ಹಾಲು ಇಳಿಯುತ್ತಿರಲಿಲ್ಲ.

"ಅವಳು ಏನು ಮಾಡ್ತಿದ್ದಳು?" ಎಂದು ಅಬೆಲೋನೆ ಬಾಗಿಲಿನಿಂದ ಕೇಳಿದಳು.

"ಹಾಡ್ತಿದ್ದಳು."

"ಅದನ್ನೇ?"

ಬ್ರಿಥಾ ಹಸುವಿನ ಹೊಟ್ಟೆಗೆ ಹಣೆ ಒತ್ತಿ ಕೂತಿದ್ದಳು. ಉತ್ತರ ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಇದು ತಾಯಿ ಯಾರಿಗೂ ತಿಳಿಯಗೊಡದೆ ಇಟ್ಟುಕೊಂಡಿದ್ದ ವಿಷಯ.

"ಇಲ್ಲ," ಎಂದಳು ಕೊನೆಗೆ. "ಅದನ್ನ ಚರ್ಚಿನಲ್ಲಿ ಮಾತ್ರ. ಇಲ್ಲಿ ಹಾಡ್ತಿದ್ದದ್ದು ನಿಮ್ಮದು. ಎಂಟೂ ಬಾಯಿಗೆ ಬರ್ತಿತ್ತು. ಏಳನೇದನ್ನ ಎರಡೆರಡು ಸಲ ಹಾಡ್ತಿದ್ದಳು. 'ಇದು ನನಗೆ ಯಾಕೆ ಹೊಳೀಲಿಲ್ಲ' ಅಂತ ಹಸೂನ ಕೇಳ್ತಿದ್ದಳು. ಆಮೇಲೆ ದಿನವೆಲ್ಲ ನಮ್ಮ ಮೇಲೆ ರೇಗ್ತಿದ್ದಳು."

ಏಳನೆಯ ಚರಣದ ಮಾತನ್ನು ಅಬೆಲೋನೆಯ ಮುಂದೆ ಬಿಷಪ್ಪರಾಗಲಿ ವಿಧವೆಯರಾಗಲಿ ಎಂದೂ ಎತ್ತಿರಲಿಲ್ಲ.

ಬ್ರಿಥಾ ತಲೆ ಎತ್ತದೆ ಹಾಡಲು ಶುರುಮಾಡಿದಳು. ಏಳನೆಯದೇ. ರಾಗ ಅಷ್ಟೇನೂ ಸರಿಯಿರಲಿಲ್ಲ. ಹಸು ಕಿವಿ ಹಿಂದಕ್ಕೆ ತಿರುಗಿಸಿತು. ಒಂದು ಗೆರೆ ಹಾಲು ಖಾಲಿ ಪಾತ್ರೆಯ ತಳಕ್ಕೆ ಬಡಿಯಿತು, ಹಿಂದೆಯೇ ಇನ್ನೊಂದು. ಬಾಲ ಮತ್ತೆ ಎದ್ದು ಬ್ರಿಥಾಳ ಮುಖಕ್ಕೆ ಬಂತು.

ಅಬೆಲೋನೆ ಸಗಣಿಯ ಮೇಲೆ ಹೆಜ್ಜೆ ಇಟ್ಟು ಒಳಗೆ ಬಂದಳು. ಕಪ್ಪು ರೇಷ್ಮೆಯ ತೋಳುಗಳನ್ನು ಮೊಣಕೈವರೆಗೆ ಮಡಿಚಿದಳು. ಹಸುವಿನ ಬಾಲವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಪಾತ್ರೆ ತುಂಬುವವರೆಗೆ ಹಾಗೇ ನಿಂತಳು.